ಬಿರುಕಿಗೆ ಅಂಟಿಸಿದ ಗಾಜು

ನಮ್ಮ ಮನೆಯ ಹಾಲ್‌ನಲ್ಲಿ, ಟೀವಿಯ ಎಡಗಡೆ, ಗೋಡೆಗೆ ಬೆರಳುದ್ದದ ಒಂದು ಗಾಜಿನ ಪಟ್ಟಿ ಅಡ್ಡಡ್ಡ ಅಂಟಿಕೊಂಡಿದೆ. ಎರಡು ತುದಿಯಲ್ಲೂ ಬಿಳೀ ಸಿಮೆಂಟಿನ ಚಿಕ್ಕ ಗುಪ್ಪೆ, ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ಒಂದು ತಾರೀಖು. ಮನೆಗೆ ಬಂದವರೆಲ್ಲ ಕಾಫಿ ಕುಡಿಯುತ್ತ ಅದನ್ನೇ ನೋಡುತ್ತಾರೆ, ಕೇಳುವುದಿಲ್ಲ. ನಿವೃತ್ತಿಯಾದ ಮೇಷ್ಟರುಗಳಿಗೆ ಏನಾದರೊಂದು ಹುಚ್ಚು ಇದ್ದೇ ಇರುತ್ತದೆಂದು ಸುಮ್ಮನಾಗುತ್ತಾರೋ ಏನೋ. ಎದುರುಮನೆಯ ಜಯಲಕ್ಷ್ಮಿ ಮಾತ್ರ ಮೊನ್ನೆ ಕರಿಬೇವು ಕೇಳಲು ಬಂದವರು ಕೇಳಿಯೇಬಿಟ್ಟರು.

"ಇದೇನ್ರೀ ಮೇಡಂ, ವಾಸ್ತುದಾ?"

"ಅಲ್ಲ ಕಣ್ರೀ. ಅಲ್ಲೊಂದು ಬಿರುಕಿದೆ, ಅದಕ್ಕೆ ಅಂಟಿಸಿದೀನಿ."

"ಅಯ್ಯೋ, ಒಂದ್ ಕೋಟ್ ಪೇಂಟ್ ಹೊಡೆಸಿದ್ರೆ ಮುಚ್ಚೋಗ್ತಿತ್ತಲ್ಲ!"

ಜಯಲಕ್ಷ್ಮಿಯವರದು ತಪ್ಪಿಲ್ಲ. ಬೆಂಗಳೂರಿನ ಬಿರುಕುಗಳಲ್ಲಿ ಬಹುಪಾಲಿಗೆ ಸಿಗುವ ಚಿಕಿತ್ಸೆ ಅದೇ. ನಾನು ಅವರನ್ನು ಕೂರಿಸಿ ಪಾಠ ಮಾಡಿದೆ. ರಬ್ಬರನ್ನು ಎಳೆದರೆ ಹಿಗ್ಗುತ್ತದೆ, ಗಾಜು ಹಿಗ್ಗುವುದಿಲ್ಲ. ಬಿರುಕಿನ ಎರಡು ದಡಕ್ಕೂ ಗಾಜನ್ನು ಗಟ್ಟಿಯಾಗಿ ಅಂಟಿಸಿಬಿಟ್ಟರೆ, ಬಿರುಕು ಕೂದಲೆಳೆಯಷ್ಟು ಅಗಲವಾದರೂ ಸಾಕು, ಗಾಜು ಪಟ್ಟೆಂದು ಸೀಳುತ್ತದೆ. ಸೀಳಿದರೆ ಬಿರುಕು ಬೆಳೆಯುತ್ತಿದೆ ಎಂದು ಅರ್ಥ. ಸೀಳದಿದ್ದರೆ ಆಮೇಲೆ ಪೇಂಟು ಹೊಡೆಸಿ, ನೆಮ್ಮದಿಯಾಗಿರಿ. ಕಟ್ಟಡದವರ ಹಳೆಯ ಉಪಾಯ ಇದು. ಸೂಕ್ಷ್ಮದರ್ಶಕದ ಗಾಜಿನ ಪಟ್ಟಿ ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ನಮ್ಮ ಹಾಲ್‌ನಲ್ಲಿರುವುದು ಎಲ್ಲಿಂದ ಬಂತೆಂದು ಕೇಳಬೇಡಿ. ಪ್ರಯೋಗಾಲಯದ ಬೀರುವಿನ ಬೀಗದ ಕೈ ಮೂವತ್ತು ವರ್ಷ ನನ್ನ ಬಳಿಯೇ ಇತ್ತು ಎಂದಷ್ಟೇ ಹೇಳುತ್ತೇನೆ.

ನಾನು ಯಲಹಂಕದ ಕಾಲೇಜೊಂದರಲ್ಲಿ ಭೂವಿಜ್ಞಾನ ಕಲಿಸುತ್ತಿದ್ದವಳು. ಭೂಮಿಯ ವಿಷಯಕ್ಕೆ ಬಂದರೆ ನನಗೆ ಸಂಕೋಚವೆಂಬುದಿಲ್ಲ. ಅಡುಗೆಗೆ ಉಪ್ಪು ಎಷ್ಟು ಎಂಬುದರಲ್ಲಿ ಈಗಲೂ ಅನುಮಾನ, ಮೊಬೈಲಿನಲ್ಲಿ ಎಲ್ಲಿ ಒತ್ತಬೇಕೆಂಬುದರಲ್ಲಿ ಅನುಮಾನ, ಆದರೆ ಹಿಮಾಲಯ ಹೇಗೆ ಎದ್ದಿತು ಎಂದು ಕೇಳಿ, ಕೈ ಬೀಸಿಕೊಂಡು ಹೇಳುತ್ತೇನೆ. ಜನ ಅದನ್ನು ಕೇಳುವುದಿಲ್ಲ, ಅದೇ ಬೇಜಾರು. ನಾನು ಭೂವಿಜ್ಞಾನದವಳು ಎಂದು ಗೊತ್ತಾದ ಕೂಡಲೇ ಹೆಬ್ಬಾಳದ ಬಸ್ಸಿನಲ್ಲಿ ಪಕ್ಕದವರು ಕೇಳುವುದು ಒಂದೇ: "ನಮ್ ಸೈಟಲ್ಲಿ ಬೋರ್ ಎಲ್ ಹಾಕ್ಸಿದ್ರೆ ನೀರ್ ಸಿಗುತ್ತೆ, ಹೇಳ್ತೀರಾ ಮೇಡಂ?"

ತರಗತಿಯಲ್ಲಿ ಮಾತ್ರ ನಾನೇ ರಾಣಿ. ಮೊದಲನೇ ದಿನ ಹಾಲು ಕಾಯಿಸುವುದು ನನ್ನ ಪದ್ಧತಿ. ಅಗಲ ಬಾಯಿಯ ಪಾತ್ರೆಯಲ್ಲಿ ಹಾಲು ಕಾಯಿಸಿ, ಆರಲು ಬಿಟ್ಟು, ಕೆನೆ ಕಟ್ಟಿದ ಮೇಲೆ ಮಕ್ಕಳನ್ನು ಸುತ್ತ ನಿಲ್ಲಿಸಿಕೊಳ್ಳುತ್ತಿದ್ದೆ. "ನೋಡಿ, ಕೆಳಗಿರೋದು ಬಿಸಿ, ಮೇಲಿರೋದು ತಣ್ಣಗಾಗಿ ಗಟ್ಟಿಯಾದ ಹೊದಿಕೆ. ಭೂಮಿಯ ಹೊದಿಕೆ ಇಂಥ ಹತ್ತಾರು ತುಂಡುಗಳಾಗಿ ಒಡೆದಿದೆ. ಒಂದೊಂದು ತುಂಡೂ ಒಂದೊಂದು ಫಲಕ. ಒಂದೂ ಸುಮ್ಮನೆ ಕೂತಿಲ್ಲ." ಆಮೇಲೆ ಚಮಚದಿಂದ ಕೆನೆಯನ್ನು ಒಂದು ಕಡೆಯಿಂದ ಮೆಲ್ಲಗೆ ತಳ್ಳುತ್ತಿದ್ದೆ. ಕೆನೆ ನೆರಿಗೆ ನೆರಿಗೆಯಾಗಿ ಮೇಲೇಳುತ್ತಿತ್ತು. "ಇದು ಹಿಮಾಲಯ" ಎನ್ನುತ್ತಿದ್ದೆ. ಪಾಠವಾದ ಮೇಲೆ ಅದೇ ಹಾಲಿನಲ್ಲಿ ಸ್ಟಾಫ್ ರೂಮಿನಲ್ಲಿ ಕಾಫಿ ಆಗುತ್ತಿತ್ತು. ಕೆನೆಗಟ್ಟಿದ ಹಾಲಿನ ಕಾಫಿ ಎಂದು ಗೊಣಗುತ್ತಲೇ ಸಹೋದ್ಯೋಗಿಗಳು ಕುಡಿಯುತ್ತಿದ್ದರು.

ನಮ್ಮ ಫಲಕ ಉಗುರು ಬೆಳೆಯುವಷ್ಟು ನಿಧಾನವಾಗಿ ಈಶಾನ್ಯದ ಕಡೆ ಸರಿಯುತ್ತಿದೆ ಎಂದಾಗ ಹುಡುಗಿಯರು ಉಗುರು ನೋಡಿಕೊಳ್ಳುತ್ತಿದ್ದರು. ಅದು ಚೆಂದದ ಕ್ಷಣ. ನಾವೆಲ್ಲ, ಯಲಹಂಕದ ಕೆರೆಯ ಸಮೇತ, ಟ್ರಾಫಿಕ್ಕಿನಲ್ಲಿ ನಿಂತಿರುವ ಬಸ್ಸುಗಳ ಸಮೇತ, ಎಲ್ಲಿಗೋ ಹೋಗುತ್ತಿದ್ದೇವೆ ಎಂಬುದನ್ನು ಮೊದಲ ಸಲ ಕೇಳಿದ ಮುಖಗಳನ್ನು ನೋಡುವ ಸುಖವೇ ಬೇರೆ.

ಜ್ವಾಲಾಮುಖಿಯ ಪಾಠದಲ್ಲಿ ಮಾತ್ರ ಮಕ್ಕಳಿಗೆ ನಿರಾಸೆ. ಎಲ್ಲೆಲ್ಲೋ ಬೆಂಕಿ ಉಗುಳುವ ಬೆಟ್ಟಗಳಿವೆ, ನಮ್ಮಲ್ಲಿ ಮಾತ್ರ ಒಂದೂ ಇಲ್ಲವಲ್ಲ ಎಂದು. ಅದಕ್ಕೂ ನನ್ನ ಹತ್ತಿರ ಉತ್ತರವಿತ್ತು. ಈ ಸುತ್ತಿನ ಬೂದು ಬಂಡೆಗಳ ನಡುವೆ ಅಲ್ಲಲ್ಲಿ ಗೋಡೆಯಂತೆ ಕರೀ ಕಲ್ಲಿನ ಪಟ್ಟಿ ಓಡುತ್ತದೆ. ಯಾವುದೋ ಕಾಲದಲ್ಲಿ ಬಂಡೆ ಬಿರಿದು, ಆಳದಿಂದ ಕರಗಿದ ಕಲ್ಲು ಆ ಬಿರುಕಿಗೆ ನುಗ್ಗಿ ಅಲ್ಲೇ ಹೆಪ್ಪುಗಟ್ಟಿದ್ದು ಅದು. ನಮ್ಮಜ್ಜಿಯ ರುಬ್ಬುವ ಕಲ್ಲು ಅಂಥ ಕರೀ ಕಲ್ಲಿನದೇ. "ನಾನು ಚಿಕ್ಕಂದಿನಲ್ಲಿ ತಿಂದ ಇಡ್ಲಿಯೆಲ್ಲ ಆ ಬೆಂಕಿಯ ಕಲ್ಲಲ್ಲಿ ರುಬ್ಬಿದ್ದು" ಎಂದರೆ ಮಕ್ಕಳ ಮುಖದಲ್ಲಿ ಸ್ವಲ್ಪ ಗೌರವ ಕಾಣುತ್ತಿತ್ತು.

ಅಜ್ಜಿಯ ಮನೆ ಮಾಕಳಿಯಲ್ಲಿ. ಈಗ ತುಮಕೂರು ರಸ್ತೆಯ ಆ ಬದಿಯೆಲ್ಲ ಗೋದಾಮು, ಷೋರೂಮು. ಆಗ ಊರಾಚೆ ಕಲ್ಲುಗಣಿ ಇತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಗಣಿಯವರು ಕೆಂಪು ಬಾವುಟ ಹಾರಿಸಿ, ಸೀಟಿ ಊದಿ, ಮದ್ದು ಸಿಡಿಸುತ್ತಿದ್ದರು. ಸೀಟಿ ಕೇಳಿದ ಕೂಡಲೇ ಅಜ್ಜಿ, ಕೈಯಲ್ಲಿ ಏನಿದ್ದರೂ ಬಿಟ್ಟು, ಅಡುಗೆಮನೆಯ ಪಾತ್ರೆ ಗೂಡಿನ ಮುಂದೆ ಎರಡೂ ಕೈ ಅಗಲಿಸಿ ನಿಲ್ಲುತ್ತಿದ್ದಳು. ಢಂ ಎನ್ನುತ್ತಿತ್ತು, ಲೋಟಗಳು ಗಿಲಗಿಲ ಎನ್ನುತ್ತಿದ್ದವು. ಒಂದೂ ಬೀಳುತ್ತಿರಲಿಲ್ಲ. "ಆಯ್ತು, ಉಣ್ರಿ" ಎಂದು ಅಜ್ಜಿ ಮತ್ತೆ ಮುದ್ದೆ ಬಡಿಸುತ್ತಿದ್ದಳು.

ಒಂದು ಬೆಳಿಗ್ಗೆ ಸೀಟಿ ಇಲ್ಲದೆ ಲೋಟಗಳು ಅಲ್ಲಾಡಿದವು. ಢಂ ಎಂಬ ಸದ್ದೂ ಇಲ್ಲ. ಊರೆಲ್ಲ ಬೀದಿಗೆ ಬಂತು. ನಮ್ಮಪ್ಪ ಸ್ನಾನದ ಮನೆಯಿಂದ ತಲೆಗೆ ಹಚ್ಚಿದ ಸೀಗೆಪುಡಿಯ ಸಮೇತ ಓಡಿ ಬಂದ. ಅಜ್ಜಿ ಬಂಗಾರ ಬಿಟ್ಟು ಹುಳಿಯ ಪಾತ್ರೆ ಹಿಡಿದು ಬಂದಿದ್ದಳು. ಎಲ್ಲೋ ದೂರದಲ್ಲಿ ಭೂಮಿ ನಡುಗಿದ್ದರ ಅಲೆ ನಮ್ಮಲ್ಲಿಗೂ ಬಂದು ಹೋಗಿತ್ತು, ಅಷ್ಟೇ. ಊರವರು ಮಧ್ಯಾಹ್ನದವರೆಗೂ ಮನೆಯೊಳಗೆ ಹೋಗಲಿಲ್ಲ. ಗೋಡೆಗಳು ಮಾತ್ರ ಹಾಗೇ ನಿಂತಿದ್ದವು. ಬೀದಿಯಲ್ಲೇ ಕೂತು ಎಲ್ಲರ ಮನೆಯ ತಿಂಡಿಯನ್ನೂ ಎಲ್ಲರೂ ತಿಂದದ್ದು ನನಗೆ ಹಬ್ಬದಂತೆ ನೆನಪಿದೆ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಭೂಮಿ ನಡುಗಿದರೂ ನಮ್ಮ ಊರಿಗೆ ಏನೂ ಆಗುವುದಿಲ್ಲ ಎಂಬ ಧೈರ್ಯ ನನ್ನಲ್ಲಿ ಆಗಲೇ ಬೇರು ಬಿಟ್ಟಿತ್ತು. ದೊಡ್ಡವಳಾಗಿ ಪುಸ್ತಕ ಓದಿದ ಮೇಲೆ ಅದಕ್ಕೆ ಕಾರಣಗಳೂ ಸಿಕ್ಕವು. ನಾವು ಕೂತಿರುವುದು ಮುನ್ನೂರು ಕೋಟಿ ವರ್ಷ ಹಳೆಯ ಬಂಡೆಯ ಮೇಲೆ. ಫಲಕಗಳು ಡಿಕ್ಕಿ ಹೊಡೆಯುವ ಅಂಚು ಇಲ್ಲಿಂದ ಬಹಳ ದೂರ. ಪ್ರತಿ ವರ್ಷ ಮೊದಲ ವಾರದಲ್ಲೇ ಬೋರ್ಡಿಗೆ ಬೆನ್ನು ಕೊಟ್ಟು ನಿಂತು ಹೇಳುತ್ತಿದ್ದೆ: "ಮಕ್ಕಳೇ, ಭೂಮಿಯ ಮೇಲೆ ಗಟ್ಟಿಯಾದ ಜಾಗ ಅಂತ ಇದ್ರೆ ಅದು ನಮ್ಮದು. ಇಲ್ಲಿ ಏನೂ ಆಗಲ್ಲ."

ನಿವೃತ್ತಿಗೆ ಹಿಂದಿನ ವರ್ಷ ನನಗೊಂದು ಉತ್ಸಾಹ ಬಂತು. ಎರಡನೇ ವರ್ಷದ ತರಗತಿಯಲ್ಲಿ ಮೂವತ್ತೊಂದು ಮಕ್ಕಳು. ಒಬ್ಬೊಬ್ಬರಿಗೂ ಒಂದೊಂದು ಗಾಜಿನ ಪಟ್ಟಿ ಕೊಟ್ಟೆ. ಮನೆಯಲ್ಲೋ ಬೀದಿಯಲ್ಲೋ ಒಂದು ಬಿರುಕು ಹುಡುಕಿ ಅಂಟಿಸುವುದು, ಅದರ ಚಿತ್ರ ಬರೆಯುವುದು, ಹತ್ತು ವಾರ ನೋಡಿ ವಾರಕ್ಕೊಂದು ಸಾಲು ಬರೆಯುವುದು. ಹತ್ತು ಅಂಕ. ಕೊಡುವಾಗಲೇ ನಕ್ಕು ಹೇಳಿದೆ: "ಗಾಜೇನೂ ಒಡೆಯಲ್ಲ. ವಿಜ್ಞಾನದಲ್ಲಿ ಕಾಯೋದನ್ನ ನೀವು ಕಲೀಲಿ ಅಂತ ಕೊಡ್ತಿದೀನಿ."

ಹತ್ತು ವಾರವಾದ ಮೇಲೆ ಪುಸ್ತಕಗಳು ಬಂದವು. ಪುಟ ತಿರುವಿದರೆ ಎಲ್ಲದರಲ್ಲೂ ಒಂದೇ: ಒಂದನೇ ವಾರ, ಬದಲಾವಣೆ ಇಲ್ಲ. ಎರಡನೇ ವಾರ, ಬದಲಾವಣೆ ಇಲ್ಲ. ಮುಂದಿನದೂ ಹಾಗೆಯೇ. ನನಗೆ ಪರಮಾನಂದ. ಹತ್ತಕ್ಕೆ ಹತ್ತು, ಹತ್ತಕ್ಕೆ ಹತ್ತು ಎಂದು ಬರೆಯುತ್ತ ಹೋದೆ.

ಒಂದು ಪುಸ್ತಕ ಮಾತ್ರ ಬೇರೆಯಾಗಿತ್ತು. ತಣಿಸಂದ್ರದಿಂದ ಬರುತ್ತಿದ್ದ ಭವ್ಯಳದು. ಮಾತು ಕಡಿಮೆ, ಕೊನೆಯಿಂದ ಎರಡನೇ ಬೆಂಚು. ಅವಳ ಪುಸ್ತಕದಲ್ಲಿ ಹೀಗಿತ್ತು: ಮೂರನೇ ವಾರ ಗಾಜು ಸೀಳಿದೆ. ಹೊಸ ಗಾಜು ಅಂಟಿಸಿದ್ದೇನೆ. ಐದನೇ ವಾರ ಮತ್ತೆ ಸೀಳಿದೆ. ಪಕ್ಕದಲ್ಲಿ ಬಿರುಕಿನ ಚಿತ್ರ. ನಾನು ಚಿತ್ರ ನೋಡಲಿಲ್ಲ. ಕೆಂಪು ಪೆನ್ನು ತೆಗೆದು, "ಗಾಜನ್ನು ಸರಿಯಾಗಿ ಅಂಟಿಸಿಲ್ಲ. ಗೋಡೆಗೆ ಏನೂ ಆಗಿಲ್ಲ" ಎಂದು ಬರೆದು ನಾಲ್ಕು ಅಂಕ ಕೊಟ್ಟೆ. ಅಷ್ಟಕ್ಕೇ ಬಿಟ್ಟಿದ್ದರೆ ನನ್ನ ಪಾಪ ಕಡಿಮೆಯಾಗುತ್ತಿತ್ತು. ಪುಸ್ತಕ ಹಿಂದಕ್ಕೆ ಕೊಡುವಾಗ ಇಡೀ ತರಗತಿಗೆ ಕೇಳುವಂತೆ ಹೇಳಿದೆ:

"ನಮ್ಮ ಫಲಕ ಉಳಿದ ಕಡೆ ಎಲ್ಲಾ ನಿಧಾನಕ್ಕೆ ಹೋಗ್ತಿದೆ. ತಣಿಸಂದ್ರದಲ್ಲಿ ಮಾತ್ರ ಓಡ್ತಿದೆ ಅನ್ಸುತ್ತೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಭವ್ಯ ಪುಸ್ತಕ ತೆಗೆದುಕೊಂಡು ಕೂತಳು.

ಮರುವಾರ ಬುಧವಾರ, ಮಧ್ಯಾಹ್ನದ ಬಿಡುವಿನಲ್ಲಿ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಕಾಗದದಲ್ಲಿ ಸುತ್ತಿದ ಎರಡು ತುಂಡು ಗಾಜು.

"ಮೇಡಂ, ಇದು ಮೂರನೇದು. ನಿನ್ನೆ ಸೀಳ್ತು. ನಾನ್ ಸರಿಯಾಗೇ ಅಂಟಿಸಿದ್ದೆ."

"ಅಲ್ಲಮ್ಮ, ಅಕ್ಕಪಕ್ಕ ಎಷ್ಟು ಕಟ್ಟಡ ಕಟ್ತಿದಾರೆ ಅಲ್ಲಿ. ಲಾರಿ ಓಡಾಡುತ್ತೆ..."

"ಲಾರಿ ಎಲ್ಲಾ ಗೋಡೆ ಮುಂದೇನೂ ಓಡಾಡುತ್ತೆ ಮೇಡಂ. ಇದೊಂದೇ ಯಾಕೆ ಸೀಳುತ್ತೆ?" ಎಂದಳು. ಆಮೇಲೆ ತಲೆ ತಗ್ಗಿಸಿ ಮೆಲ್ಲಗೆ, "ಶುಕ್ರವಾರ ನಮ್ಮಪ್ಪ ಮೇಲೆ ಇನ್ನೊಂದ್ ಮೋಲ್ಡ್ ಹಾಕಿಸ್ತಾರೆ. ಬೇಡ ಅಂದೆ. ನಿಮ್ ಮೇಡಮ್ಮೇ ಏನೂ ಆಗಿಲ್ಲ ಅಂತ ಕೆಂಪ್ ಪೆನ್ನಲ್ಲಿ ಬರ್ದವ್ರಲ್ಲ, ನಿಂದೇನು ಅಂತಾರೆ. ಆ ಗೋಡೆ ಪಕ್ಕಾನೇ ನಾನೂ ನಮ್ಮಜ್ಜಿನೂ ಮಲಗೋದು" ಎಂದಳು.

ಮೋಲ್ಡ್ ಹಾಕುವುದೆಂದರೆ ಮೇಲೆ ಇನ್ನೊಂದು ಮಹಡಿಗೆ ಕಾಂಕ್ರೀಟ್ ಚಾವಣಿ ಹಾಕುವುದು. ಎಷ್ಟೋ ಟನ್ನು ಭಾರ. ಪುಸ್ತಕ ತೆಗೆಸಿ ಆಗ, ಹೌದು, ಆಗ ಮೊದಲ ಸಲ, ಆ ಚಿತ್ರ ನೋಡಿದೆ. ಬಿಸಿಲಿಗೆ ಬರುವ ಬಿರುಕು ಸಾಮಾನ್ಯವಾಗಿ ಚಾವಣಿಯ ಕೆಳಗೆ ಅಡ್ಡಕ್ಕೆ ಓಡುತ್ತದೆ. ಭವ್ಯ ಬರೆದದ್ದು ಕಿಟಕಿಯ ಮೂಲೆಯಿಂದ ಓರೆಯಾಗಿ ಏರಿತ್ತು. ಮೇಲೆ ಅಗಲ, ಕೆಳಗೆ ಸಣ್ಣ. ಸ್ಕೇಲು ಇಟ್ಟು ಅಳೆದು ಬರೆದಿದ್ದಳು. ಅದು ಕಟ್ಟಡದ ಒಂದು ಮೂಲೆ ನೆಲಕ್ಕೆ ಕುಸಿಯುತ್ತಿರುವಾಗ ಬರುವ ಬಿರುಕು. ನನ್ನ ವಿದ್ಯಾರ್ಥಿಗಳಿಗೆ ನಾನೇ ಕಲಿಸಿದ್ದು.

"ಬಸ್ ಎಷ್ಟೊತ್ತಿಗಿದೆ?" ಎಂದೆ.

ಆ ದಿನವೇ ಹೋದೆವು. ತಣಿಸಂದ್ರದ ಮುಖ್ಯರಸ್ತೆಯಿಂದ ಒಳಗೆ, ಹೊಸ ಅಪಾರ್ಟ್‌ಮೆಂಟುಗಳ ಸಂದಿಯಲ್ಲಿ, ಮೂರು ಮಹಡಿಯ ಕಟ್ಟಡ. ಕೆಳಗೆ ಪಾರ್ಕಿಂಗು, ಮಹಡಿಗೆ ಎರಡರಂತೆ ಆರು ಮನೆ. ಮೊದಲನೇ ಮಹಡಿಯ ಮೂಲೆ ಮನೆಯಲ್ಲಿ ಇವರು, ಉಳಿದ ಐದರಲ್ಲಿ ಬಾಡಿಗೆಯವರು. ಭವ್ಯಳ ಅಪ್ಪ ಮುನಿಕೃಷ್ಣಪ್ಪ ಗೇಟಿನಲ್ಲೇ ಸಿಕ್ಕರು. ಹಿಂದೆ ಅಲ್ಲಿದ್ದ ಹೊಲದಲ್ಲಿ ಸೊಪ್ಪು ಬೆಳೆದ ಮನೆತನ, ಈಗ ಅದೇ ಹೊಲದ ಮೇಲೆ ಕಟ್ಟಡ.

"ಬನ್ನಿ ಮೇಡಮ್ಮೋರೆ, ಬನ್ನಿ. ನಮ್ಮುಡ್ಗಿ ಸುಮ್ಕೆ ನಿಮ್ಗೆ ತೊಂದ್ರೆ ಕೊಟ್ಳು. ನೀವೇ ಬರ್ದಿದ್ದೀರಲ್ಲ, ಏನೂ ಇಲ್ಲಾಂತ."

"ನೋಡದೆ ಬರೆದಿದ್ದೆ. ಈಗ ನೋಡೋಣ ಅಂತ ಬಂದೆ."

"ನೋಡಿ, ದಾರಾಳ್ವಾಗಿ ನೋಡಿ. ಕಬ್ಣ ಕಮ್ಮಿ ಆಕ್ಸಿಲ್ಲ, ಸಿಮೆಂಟ್ ಕಮ್ಮಿ ಆಕ್ಸಿಲ್ಲ. ನೂರ್ ವರ್ಸ ಇಂಗೇ ನಿಂತಿರ್ತದೆ."

ಮಾತಿನಲ್ಲಿ ಸುಳ್ಳಿರಲಿಲ್ಲ. ಕಟ್ಟಡ ನೋಡಿದರೇ ಗಟ್ಟಿಮುಟ್ಟು. ಕಂಬಗಳು ದಪ್ಪ, ಕೆಲಸ ಅಚ್ಚುಕಟ್ಟು. ಮೇಲೆ ಹೋಗಿ ಬಿರುಕು ನೋಡಿದೆ. ಚಿತ್ರದಲ್ಲಿದ್ದ ಹಾಗೇ ಇತ್ತು, ಕೂದಲೆಳೆ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಆ ಗೋಡೆಯ ನೇರ ಕೆಳಗೆ ಏನಿದೆ ಎಂದು ನೋಡಲು ಪಾರ್ಕಿಂಗಿಗೆ ಇಳಿದೆ. ಮೂಲೆಯ ಕಂಬದ ಬುಡಕ್ಕೆ ಅರಿಶಿನ ಬಳಿದಿತ್ತು. ಕುಂಕುಮ, ಕಣಗಿಲೆ ಹೂವು, ಚಿಕ್ಕದೊಂದು ರಂಗೋಲಿ. ಉಳಿದ ಯಾವ ಕಂಬಕ್ಕೂ ಇರಲಿಲ್ಲ. ಎರಡು ಸ್ಕೂಟರಿನ ನಡುವೆ ಒಬ್ಬ ಅಜ್ಜಿ ಕುಕ್ಕರಗಾಲಲ್ಲಿ ಕೂತು ಒಣಗಿದ ಹೂವು ತೆಗೆಯುತ್ತಿದ್ದರು.

"ನಮ್ಮಜ್ಜಿ ಮೇಡಂ, ಪಿಳ್ಳಮ್ಮ" ಎಂದಳು ಭವ್ಯ.

"ಇದು ಯಾವ ದೇವರು ಅಜ್ಜಿ, ಕಂಬದಲ್ಲಿ?" ಎಂದೆ.

"ಗಂಗಮ್ಮ ಕಣವ್ವ" ಎಂದರು ಪಿಳ್ಳಮ್ಮ, ಇದೂ ಗೊತ್ತಿಲ್ಲವೇ ಎಂಬಂತೆ. "ಇದ್ರ ಕೆಳ್ಗೇ ಐತಲ್ಲ ನಮ್ ಬಾವಿ. ನಾನ್ ಮದ್ವೆ ಆಗ್ ಬಂದಾಗ ಮೊದಲ್ನೇ ಕೊಡ ನೀರ್ ಸೇದಿದ್ದು ಇಲ್ಲೇಯ. ಎಂಟಾಳ್ ಆಳ. ಮುಚ್ಚೋವಾಗ ಪೂಜೆ ಮಾಡಿ, ಸೀರೆ ಕೊಟ್ಟು, ಅಪ್ಪಣೆ ಕೇಳೇ ಮುಚ್ಚಿದ್ದು."

"ಅಮ್ಮೋ, ಸುಮ್ಕಿರು!" ಎಂದರು ಮುನಿಕೃಷ್ಣಪ್ಪ.

"ನಾನ್ಯಾಕ್ ಸುಮ್ಕಿರ್ಲಿ? ದಿನಾ ಪೂಜೆ ಮಾಡ್ತೀನಿ. ಕದ್ದು ಮಾಡ್ತೀನಾ?"

ಕದ್ದು ಮಾಡುತ್ತಿರಲಿಲ್ಲ. ಅದೇ ಸೋಜಿಗ. ಆರು ಮನೆಯವರೂ ದಿನಕ್ಕೆರಡು ಸಲ ಆ ಅರಿಶಿನ ನೋಡಿಕೊಂಡು ಓಡಾಡುತ್ತಿದ್ದರು, ವಾಸ್ತು ಎಂದುಕೊಂಡಿದ್ದರು. ಗಂಗಮ್ಮನಿಗೆ ಹೇಳಿ ಅಪ್ಪಣೆ ಪಡೆದಿದ್ದವರು ಒಬ್ಬರಿಗೆ ಮಾತ್ರ ಹೇಳಿರಲಿಲ್ಲ.

"ಇಂಜಿನಿಯರ್‌ಗೆ ಬಾವಿ ವಿಷಯ ಹೇಳಿದ್ರಾ?" ಎಂದೆ.

ಮುನಿಕೃಷ್ಣಪ್ಪ ಗೇಟಿನ ಕಡೆ ನೋಡಿದರು. "ಬಾವಿ ಮುಚ್ಚಿದ್ ಜಾಗ ಅಂದ್ರೆ ಬಾಡ್ಗೆಗೆ ಯಾರ್ ಬತ್ತಾರೆ ಮೇಡಮ್ಮೋರೆ? ಒಬ್ಬರ್ಗೇಳಿದ್ರೆ ಊರ್ಗೆಲ್ಲ ಗೊತ್ತಾಯ್ತದೆ. ಗಟ್ಟಿಯಾಗೇ ಮುಚ್ಸಿದ್ದೀನಿ."

"ಏನ್ ಹಾಕಿ?"

"ಅಳೇ ಮನೆ ಕೆಡವಿದ್ ಮಣ್ಣು, ಎಂಚು... ಸಿಕ್ಕಿದ್ದೆಲ್ಲ."

ನಾನು ಬೆರಳಿನಿಂದ ತೋರಿಸಿ ಹೇಳಿದೆ. ಅದೋ ಆ ಕಂಬ, ಈ ಕಂಬ, ಅವೆಲ್ಲ ಬಂಡೆಯಂಥ ನೆಲದ ಮೇಲೆ ನಿಂತಿವೆ, ಕದಲುವುದಿಲ್ಲ. ಇದೊಂದರ ಕೆಳಗೆ ಮಾತ್ರ ಮುರಿದ ಹೆಂಚು, ಸಡಿಲ ಮಣ್ಣು. ಮೇಲಿನ ಭಾರಕ್ಕೆ ಅದು ಅಮುಕಿಕೊಂಡು ಕೆಳಗಿಳಿಯುತ್ತಿದೆ, ಕಂಬವೂ ಜೊತೆಗೆ ಇಳಿಯುತ್ತಿದೆ, ಗೋಡೆ ಎಳೆತಕ್ಕೆ ಸಿಕ್ಕಿ ಸೀಳುತ್ತಿದೆ. ಶುಕ್ರವಾರ ಇನ್ನೊಂದು ಚಾವಣಿಯ ಭಾರ ಬಿದ್ದರೆ ಏನಾಗುತ್ತದೆಂದು ನನಗೆ ಗೊತ್ತಿಲ್ಲ. ಎಲ್ಲೋ ದೂರದ ಭೂಕಂಪದ ಸಣ್ಣ ಅಲೆ ಬಂದರೂ ಬಂಡೆ ಸುಮ್ಮನಿರುತ್ತದೆ, ಇಂಥ ಸಡಿಲ ಜಾಗವೇ ಮೊದಲು ಕುಣಿಯುವುದು.

ಮುನಿಕೃಷ್ಣಪ್ಪ ಮಗಳ ಕೈಯಿಂದ ಪುಸ್ತಕ ತೆಗೆದುಕೊಂಡು, ನನ್ನ ಕೆಂಪಕ್ಷರದ ಪುಟ ಬಿಡಿಸಿ ಮುಂದೆ ಹಿಡಿದರು.

"ಮತ್ತೆ ಇದ್ಯಾಕಿಂಗೆ ಬರುದ್ರಿ?"

ಪಿಳ್ಳಮ್ಮನೂ ನೋಡುತ್ತಿದ್ದರು, ಭವ್ಯಳೂ ನೋಡುತ್ತಿದ್ದಳು. "ತಪ್ಪು ಬರೆದೆ" ಎಂದೆ. "ನಿಮ್ಮ ಮಗಳು ಸರಿಯಾಗಿ ನೋಡಿದಾಳೆ. ನಾನು ನೋಡಲಿಲ್ಲ. ಇಲ್ಲಿ ಏನೂ ಆಗಲ್ಲ ಅಂತ ಮೊದಲೇ ನಿರ್ಧಾರ ಮಾಡಿಕೊಂಡಿದ್ದೆ."

"ಅಂಗಾದ್ರೆ ಅದ್ನೂ ಬರ್ದು ಕೊಡಿ" ಎಂದರು ಮುನಿಕೃಷ್ಣಪ್ಪ. "ಅದೇ ಕೆಂಪ್ ಪೆನ್ನಲ್ಲಿ."

ಒಂದು ಸ್ಕೂಟರಿನ ಸೀಟಿನ ಮೇಲೆ ಪುಸ್ತಕ ಇಟ್ಟು ಬರೆದೆ. ಹಳೆಯ ಸಾಲನ್ನು ಹೊಡೆದುಹಾಕಿ, "ವಿದ್ಯಾರ್ಥಿನಿಯ ಅವಲೋಕನ ಸರಿ. ನನ್ನ ಟಿಪ್ಪಣಿ ತಪ್ಪು. ಬಾವಿಯ ವಿಷಯ ಇಂಜಿನಿಯರಿಗೆ ತಿಳಿಸದೆ ಮೇಲೆ ಏನನ್ನೂ ಕಟ್ಟಕೂಡದು" ಎಂದು ಬರೆದು ಸಹಿ ಹಾಕಿದೆ. ಅವರು ಎರಡು ಸಲ ಓದಿ, ಮಡಿಸಿ, ಜೇಬಿನಿಂದ ಫೋನು ತೆಗೆದು ಮೋಲ್ಡ್ ಹಾಕುವ ಮೇಸ್ತ್ರಿಗೆ ಮಾಡಿದರು.

"ಗುರು, ಶುಕ್ರವಾರ ಬ್ಯಾಡ. ಮಿಸನ್ ಕಳಿಸ್ಬ್ಯಾಡ, ಆಳೂ ಬ್ಯಾಡ. ಯಾಕಾ? ನಮ್ಮುಡ್ಗಿ ಬ್ಯಾಡ ಅಂದವ್ಳೆ, ಅದ್ಕೇಯ."

ಭವ್ಯಳ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ನನ್ನದೂ ತುಂಬಿತ್ತು. ಪಿಳ್ಳಮ್ಮ ಮಾತ್ರ ಒಣಗಿದ ಹೂವನ್ನು ಮಡಿಲಿಗೆ ಹಾಕಿಕೊಂಡು, "ಕಾಪಿ ಕುಡ್ಕೊಂಡ್ ಓಗವ್ವ" ಎಂದರು.

ಇಂಜಿನಿಯರು ಬಂದರು. ಅವರಿಗೆ ಮುನಿಕೃಷ್ಣಪ್ಪನವರೇ ಬಾವಿಯ ಅಗಲ, ಆಳ ಎಲ್ಲ ಹೇಳಿದರು. ಕಂಬದ ಪಕ್ಕ ಆರಡಿ ಅಗೆಯುವಷ್ಟರಲ್ಲಿ ಹೆಂಚು, ಹಳೇ ಟೈರು, ಒಂದು ಮುರಿದ ನೇಗಿಲು ಸಿಕ್ಕವಂತೆ. ಪಾರ್ಕಿಂಗಿನಲ್ಲಿ ಕಬ್ಬಿಣದ ಆಸರೆ ಕಂಬಗಳನ್ನು ನಿಲ್ಲಿಸಿ, ಆ ಮೂಲೆಯ ಮೂರು ಮನೆಗಳನ್ನು ಖಾಲಿ ಮಾಡಿಸಿ, ಕೆಳಗಿನಿಂದ ಗಟ್ಟಿ ಮಾಡುವ ಕೆಲಸ ತಿಂಗಳುಗಟ್ಟಲೆ ನಡೆಯಿತು. ಬಾಡಿಗೆಯವರಿಗೆ ಅವರು ಬಾಗಿಲು ಬಾಗಿಲಿಗೂ ಹೋಗಿ ಬಾವಿಯ ವಿಷಯ ಹೇಳಿದರಂತೆ. ಒಂದು ಮನೆಯವರು ಜಗಳವಾಡಿ ಬಿಟ್ಟು ಹೋದರು. ಉಳಿದವರು ಇದ್ದರು. ಶುಕ್ರವಾರ ಕಾಂಕ್ರೀಟ್ ಹಾಕಿದ್ದರೆ ಆ ಮೂಲೆಯ ಬಗ್ಗೆ ತಾನು ಹೊಣೆ ಹೊರುತ್ತಿರಲಿಲ್ಲವೆಂದು ಇಂಜಿನಿಯರು ನನ್ನೆದುರೇ ಹೇಳಿದರು.

ಇತ್ತ ತರಗತಿಗೂ ಒಂದು ಲೆಕ್ಕ ಒಪ್ಪಿಸಬೇಕಿತ್ತಲ್ಲ. ತಣಿಸಂದ್ರಕ್ಕೆ ಹೋಗಿ ಬಂದ ಮರು ಸೋಮವಾರವೇ ಬೋರ್ಡಿಗೆ ಬೆನ್ನು ಕೊಡದೆ, ಬೆಂಚುಗಳ ನಡುವೆ ನಿಂತು ಎಲ್ಲವನ್ನೂ ಹೇಳಿದೆ. ತಣಿಸಂದ್ರದ ಬಗ್ಗೆ ನಾನು ಹೊಡೆದ ಜೋಕು ಎಂಥ ಜೋಕೆಂದು ಹೇಳಿದೆ. ಭವ್ಯಳ ನಾಲ್ಕು ಅಂಕ ಹತ್ತಾಗಿದೆ ಎಂದೆ. ಅವಳ ಹತ್ತಿರ ಎಲ್ಲರೆದುರು ಕ್ಷಮೆ ಕೇಳಿದೆ. ಪಾಠ ಶುರು ಮಾಡಲು ಸೀಮೆಸುಣ್ಣ ತೆಗೆದುಕೊಂಡೆ. ಆಗ ಹಿಂದಿನ ಬೆಂಚಿನ ರಾಕೇಶ ಎದ್ದ. ಎದ್ದರೆ ತಮಾಷೆಗೇ ಏಳುವವನು ಅವನು.

"ಮೇಡಂ, ಒಂದ್ ಮಾತ್ ಹೇಳ್ಲಾ? ಬಯ್ಯಲ್ಲ ತಾನೇ?"

"ಹೇಳಪ್ಪ."

"ನಾನು ಗಾಜು ಅಂಟಿಸ್ಲೇ ಇಲ್ಲ ಮೇಡಂ. ಕವರ್‌ನಲ್ಲೇ ಇದೆ."

"ಮತ್ತೆ ಹತ್ತು ವಾರ ಬರೆದಿದ್ದೆಯಲ್ಲೋ, ಬದಲಾವಣೆ ಇಲ್ಲ ಅಂತ?"

"ನೀವೇ ಮೊದಲ್ನೇ ದಿನ ಹೇಳಿದ್ರಲ್ಲ ಮೇಡಂ, ಒಡೆಯಲ್ಲ ಅಂತ. ಅದನ್ನೇ ಬರೆದೆ."

ಅವನ ಪಕ್ಕದವನು ಎದ್ದ. ಕಿಟಕಿಯ ಬಳಿಯ ಇಬ್ಬರು ಹುಡುಗಿಯರು ಎದ್ದರು. ಮೊದಲನೇ ಬೆಂಚಿನಲ್ಲಿ ಕೂರುತ್ತಿದ್ದ, ಪ್ರತಿ ಪ್ರಶ್ನೆಗೂ ಕೈಯೆತ್ತುತ್ತಿದ್ದ ನನ್ನ ಮೆಚ್ಚಿನ ಹುಡುಗಿಯೂ ಕಣ್ಣು ಕೆಳಗೆ ಮಾಡಿ ಎದ್ದಳು. ಬೆಂಚುಗಳು ಒಂದೊಂದಾಗಿ ಸದ್ದು ಮಾಡಿದವು. ಕೊನೆಗೆ ಎಣಿಸಿದರೆ ನಿಂತವರು ಇಪ್ಪತ್ತೆರಡು ಜನ. ಇಪ್ಪತ್ತೆರಡು ಜನಕ್ಕೂ ಹತ್ತಕ್ಕೆ ಹತ್ತು ಕೊಟ್ಟಿದ್ದೆ.

ಸಿಟ್ಟು ಬರಬೇಕಿತ್ತು. ನನ್ನ ಸಿಟ್ಟು ಕಾಲೇಜಿಗೇ ಗೊತ್ತು, ಆದರೆ ಅದು ಬರಲಿಲ್ಲ. ಬಂದದ್ದು ನಾಚಿಕೆ. ನೋಡಿ ಎಂದು ಕಳಿಸಬೇಕಾದ ಮಕ್ಕಳಿಗೆ, ಏನು ಕಾಣುತ್ತದೆಂದು ನಾನೇ ಮೊದಲು ಹೇಳಿ ಕಳಿಸಿದ್ದೆ. ಅವರು ನನ್ನನ್ನು ನಂಬಿದ್ದರು, ಅಷ್ಟೇ ಅವರ ತಪ್ಪು. ನನ್ನನ್ನು ನಂಬದೆ ಗೋಡೆಯನ್ನು ನಂಬಿದವಳು ಒಬ್ಬಳೇ.

ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟೆ. "ಎಲ್ಲರೂ ಏಳಿ, ಹೊರಗೆ ನಡೀರಿ" ಎಂದೆ.

"ಎಲ್ಲಿಗೆ ಮೇಡಂ?"

"ಕಾಲೇಜಿನ ಗೋಡೆ ನೋಡೋಕೆ."

"ಅಲ್ಲೇನಿದೆ ಮೇಡಂ?" ಎಂದ ರಾಕೇಶ.

"ಗೊತ್ತಿಲ್ಲಪ್ಪ" ಎಂದೆ. ಆ ತರಗತಿಯಲ್ಲಿ ಆ ಮಾತನ್ನು ನಾನು ಆಡಿದ್ದು ಅದೇ ಮೊದಲು. ಭವ್ಯ ಸ್ಕೇಲು ಹಿಡಿದುಕೊಂಡು ಎಲ್ಲರಿಗಿಂತ ಮುಂದೆ ಹೊರಟಳು. ಮಕ್ಕಳ ಸಾಲು ಅವಳ ಹಿಂದೆ ಹೋಯಿತು. ನಾನು ಸಾಲಿನ ಕೊನೆಯಲ್ಲಿ ಸೇರಿಕೊಂಡೆ.